ಬಾಗಿಲಾಚೆಯ ಸಿಡಿಲುಗೈ

ಚಿತ್ರಮಂದಿರದ ಬಾಗಿಲಲ್ಲಿ ನಿಲ್ಲುವವನು ಸಿನಿಮಾ ನೋಡಿರುತ್ತಾನೆ ಎಂದು ನಂಬುವವರು, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವನು ಭಾರೀ ಶ್ರೀಮಂತ ಎಂದೂ ನಂಬಬೇಕಾಗುತ್ತದೆ. ಇಷ್ಟು ಸರಳವಾದ ಸಂಗತಿ ನಮ್ಮ ಬೀದಿಯ ವಿದ್ಯಾವಂತರಿಗೆ ಹೊಳೆಯಲಿಲ್ಲ. ಹೊಳೆಯದೆ ಹೋದದ್ದರಿಂದ ನಮ್ಮ ಮನೆಯ ಕುರ್ಚಿಗಳೆಲ್ಲ ಎದುರುಮನೆ ಸೇರಿದವು, ದೊಡ್ಡ ಕಂಪನಿಯ ಪ್ರತಿನಿಧಿಯೊಬ್ಬರು ನಮ್ಮ ಕತ್ತಲೆ ಮೆಟ್ಟಿಲು ಹತ್ತಿ ಬಂದರು, ಒಬ್ಬ ಬಡಪಾಯಿ ಊರು ಬಿಡುವ ಹಂತಕ್ಕೆ ಬಂದ.

ಆ ಬಡಪಾಯಿಯೇ ನಮ್ಮ ಟಾರ್ಚಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದೀತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಕೆಳಗೆ ನನ್ನ ಕನ್ನಡಕ ರಿಪೇರಿಯ ಅಂಗಡಿ, ಮೇಲೆ ನನ್ನ ಮನೆ, ಎದುರು ಬಾಗಿಲು ಅವನದು. ಒಂದು ಕೋಣೆ, ಒಂದು ಮಂಚ, ಒಂದು ಸ್ಟೌ, ಒಂದು ಲೋಟ. ಮೂಲೆಯ ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುವುದು, ತಡವಾಗಿ ಬಂದವರನ್ನು ಟಾರ್ಚ್ ಬಿಟ್ಟು ಸೀಟಿಗೆ ಮುಟ್ಟಿಸುವುದು ಅವನ ಕೆಲಸ. ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಎಲ್ಲಾ ಒಳಗೆ ಹೋಗೋರೇ ಸಾರ್, ಹೊರಗೆ ನಿಲ್ಲೋರು ಯಾರೂ ಸಿಗಲಿಲ್ಲ" ಎಂದ.

ಅವನು ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಅರ್ಧವನ್ನೂ ನೋಡಿದವನಲ್ಲ. ಅಲ್ಲಿನ ಮ್ಯಾನೇಜರು ಮಾಡಿದ ಕಾನೂನು ಹಾಗಿತ್ತು: ಟಾರ್ಚಿನ ಬೆಳಕು ನೆಲದ ಮೇಲೆ, ಟಾರ್ಚಿನವನ ಕಣ್ಣೂ ನೆಲದ ಮೇಲೆ. ಹಿಂದೆ ಯಾವನೋ ತೆರೆ ನೋಡುತ್ತಾ ನಡೆದು, ತುಂಬಿದ ಮನೆಯ ಹೆಂಗಸೊಬ್ಬರನ್ನು ಬೇರೆಯವರ ಗಂಡನ ತೊಡೆಯ ಮೇಲೆ ಕೂರಿಸಿದ್ದನಂತೆ. ಸೀಟು ತೋರಿಸಿ ಹೊರಗೆ ಬಂದರೆ ಬಾಗಿಲು ಮುಚ್ಚಬೇಕು, ಸ್ಟೂಲಿನ ಮೇಲೆ ಕೂರಬೇಕು. ರಜೆಯ ದಿನ ಟಿಕೆಟ್ ತೆಗೆದು ನೋಡಬಹುದಲ್ಲ ಎಂದರೆ ಅದಕ್ಕೂ ಒಪ್ಪನು. "ಒಬ್ಬನೇ ಹೋಗಿ ಕೂರೋದಾ? ಒಬ್ಬರೇ ಬರೋರ ಟಿಕೆಟ್ ಹರಿಯುವಾಗ ನನಗೇ ಒಂಥರಾ ಆಗುತ್ತೆ" ಎನ್ನುತ್ತಿದ್ದ. ಹೀಗಾಗಿ ಅವನ ಪಾಲಿಗೆ ಸಿನಿಮಾ ಎಂದರೆ ಬಾಗಿಲಿನ ಸಂದಿಯಿಂದ ಕಿವಿಗೆ ಬಿದ್ದಷ್ಟೇ.

ಈ ಲೋಕದಲ್ಲಿ ಅವನಿಗಿದ್ದವಳು ಒಬ್ಬ ಅಕ್ಕ. ದೂರದ ಊರಿನಲ್ಲಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ ಒಂದು ವಾರಕ್ಕಾಗುವಷ್ಟು ಬೈಯುತ್ತಿದ್ದಳು. ನಮ್ಮ ಗೋಡೆ ತೆಳ್ಳಗಿನದು, ಆಕೆಯ ಗಂಟಲು ದಪ್ಪದ್ದು. "ಒಬ್ಬನೇ ಇದ್ದು ಇದ್ದು ಗೂಬೆ ಆಗಿದ್ದೀಯ" ಎಂದು ಆಕೆ ಶುರು ಮಾಡಿದರೆ ಇವನು, "ಅಕ್ಕ, ಆಮೇಲೆ ಮಾತಾಡ್ತೀನಿ, ಮನೆ ತುಂಬಾ ಜನ ಬಂದಿದ್ದಾರೆ" ಎನ್ನುತ್ತಿದ್ದ. ಒಂದು ದಿನ ಆಕೆ ನಂಬಲಿಲ್ಲವೆಂದು ಕಾಣುತ್ತದೆ. ಇವನು ದನಿ ಬದಲಿಸಿ, "ಟಾರ್ಚಣ್ಣ, ನನಗೆ ಸಕ್ಕರೆ ಕಡಿಮೆ ಹಾಕಿ" ಎಂದು ತಾನೇ ಹೇಳಿದ. ಆಮೇಲೆ ಇನ್ನೊಂದು ದನಿಯಲ್ಲಿ, "ನನಗೆ ಜಾಸ್ತಿ ಇರಲಿ" ಎಂದ. ನನ್ನ ಹೆಂಡತಿ ಸೌಟು ಕೆಳಗಿಟ್ಟು, "ರೀ, ಪರವಾಗಿಲ್ಲ, ಎದುರುಮನೆಗೂ ಯಾರೋ ಬಂದಿದ್ದಾರೆ" ಎಂದು ಖುಷಿಪಟ್ಟಳು. ನಾನು ನೆಪ ಮಾಡಿಕೊಂಡು ಹೋಗಿ ಇಣುಕಿದೆ. ಅವನು ಮಂಚದ ಮೇಲೆ ಒಬ್ಬನೇ ಕೂತು, ಫೋನು ಇಟ್ಟ ಮೇಲೂ, ಚಹಾ ಸೋಸುತ್ತಿದ್ದ. ಬಂದವರು ಆಗಲೇ ಹೋದರು ಎಂದು ನಾನು ಮನೆಯಲ್ಲಿ ಹೇಳಿದೆ.

ಅಕ್ಕ ಅಷ್ಟಕ್ಕೆ ಬಿಡುವವಳಲ್ಲ. "ನಾನೇ ಬಂದು ನೋಡ್ತೀನಿ. ಜನ ಇದ್ದರೆ ಸಂತೋಷ. ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ನನ್ನ ಜೊತೆ ಹೊರಡಬೇಕು. ನಿಮ್ಮ ಭಾವನ ಗೋಡೌನ್ ಕಾಯೋಕೆ ಆಳು ಬೇಕು, ನೀನು ಬಾಗಿಲು ಕಾಯೋದರಲ್ಲಿ ಪಳಗಿದವನು" ಎಂದಳು. ಮರುದಿನ ಮೆಟ್ಟಿಲ ಮೇಲೆ ಸಿಕ್ಕವನ ಮುಖ ಸುಣ್ಣ ಬಳಿದಂತಿತ್ತು. "ಸಾರ್, ಗೋಡೌನ್ ಬಾಗಿಲಲ್ಲಿ ಬರೀ ಮೂಟೆ ಸಾರ್. ಇಲ್ಲಿ ಜನ ನನ್ನ ಜೊತೆ ಮಾತಾಡದೇ ಇದ್ರೂ ನನ್ನ ಪಕ್ಕದಲ್ಲೇ ಮಾತಾಡ್ಕೊಂಡು ಹೋಗ್ತಾರೆ. ನಾನು ಅಲ್ಲಿಗೆ ಹೋದರೆ ಸತ್ತೇ ಹೋಗ್ತೀನಿ" ಎಂದ. ಅಷ್ಟು ನೇರವಾಗಿ ಅವನು ಯಾವತ್ತೂ ಮಾತಾಡಿದವನಲ್ಲ.

ಇಂಥ ಸಂದರ್ಭದಲ್ಲಿ ಬಿಡುಗಡೆಯಾಯಿತು ನೋಡಿ, ಸಿಡಿಲುಗೈ ಸರಣಿಯ ಏಳನೆಯ ಚಿತ್ರ.

ಸಿಡಿಲುಗೈ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅವನು ಅಂಗೈಯಿಂದ ಸಿಡಿಲು ಬಿಟ್ಟು ಲೋಕ ಕಾಪಾಡುವ ವೀರ. ಮುಖಕ್ಕೆ ಕಬ್ಬಿಣದ ಮುಸುಕು, ಕಣ್ಣೆರಡೇ ಕಾಣುವುದು. ಮೊದಲ ಚಿತ್ರಗಳಲ್ಲಿ ಒಂಟಿಯಾಗಿ ಊರು ಕಾಪಾಡುತ್ತಿದ್ದ. ಆಮೇಲೆ ಚಿತ್ರ ತೆಗೆಯುವ ಕಂಪನಿಯವರು ಅವನಿಗೊಂದು ಗುಂಪು ಕಟ್ಟಿಕೊಟ್ಟರು: ಹಾರಾಡುವ ಸೋದರ ಸೊಸೆ, ಕಾಲವನ್ನು ನಿಲ್ಲಿಸಬಲ್ಲ ಆದರೆ ಮತ್ತೆ ಹೊರಡಿಸಲು ಬಾರದ ಒಬ್ಬ ಮುದುಕ, ಮತ್ತು ಮಾತಾಡುವ ಒಂದು ಸ್ಕೂಟರು. ಏಳನೆಯ ಚಿತ್ರದಲ್ಲಿ ವೀರನಿಗಿಂತ ಸ್ಕೂಟರಿನ ಮಾತೇ ಹೆಚ್ಚು. ಅಭಿಮಾನಿಗಳಲ್ಲಿ ಎರಡು ಪಕ್ಷವಾಯಿತು. ಒಂಟಿ ಪಕ್ಷದ ಮುಖಂಡ ಔಷಧದಂಗಡಿಯಲ್ಲಿ ಕೆಲಸ ಮಾಡುವ ಸಣಕಲು ಯುವಕ, ಎಲ್ಲರೂ ಅವನನ್ನು ಮಾತ್ರೆ ಎಂದೇ ಕರೆಯುತ್ತಿದ್ದರು. ಗುಂಪು ಪಕ್ಷದ ನಾಯಕಿ ಹೈಸ್ಕೂಲಿನ ಗಣಿತದ ಮೇಡಂ.

ಮೊದಲ ವಾರದಲ್ಲೇ ಚಿತ್ರಮಂದಿರದ ಮೆಟ್ಟಿಲ ಮೇಲೆ ಇಬ್ಬರಿಗೂ ಹತ್ತಿಕೊಂಡಿತು.

"ಒಂಟಿಯಾಗಿದ್ದಾಗಲೇ ಅವನು ಸಿಡಿಲುಗೈ. ಈಗ ಟೂರ್ ಗೈಡ್" ಎಂದ ಮಾತ್ರೆ.

"ಅವನು ಒಬ್ಬನೇ ಕೂತು ಗೋಡೆ ನೋಡೋದನ್ನ ಇನ್ನೂ ಎಷ್ಟು ಚಿತ್ರದಲ್ಲಿ ನೋಡಬೇಕು? ಅವನಿಗೂ ನಾಲ್ಕು ಜನ ಬೇಡ್ವಾ?"

"ಸ್ಕೂಟರು ಜನಾನಾ ಮೇಡಂ?"

"ಕೆಲವು ಜನರಿಗಿಂತ ವಾಸಿ" ಎಂದು ಮೇಡಂ ಅವನನ್ನೇ ನೋಡುತ್ತಾ ಹೇಳಿದರು.

ಮಾತು ಏರಿತು. ಕೊನೆಗೆ ಮಾತ್ರೆ ಬಾಗಿಲಿನತ್ತ ತಿರುಗಿ, "ಟಾರ್ಚಣ್ಣನ್ನೇ ಕೇಳೋಣ. ಏಳೂ ಚಿತ್ರ, ದಿನದ ಎಲ್ಲಾ ಆಟಕ್ಕೂ ಇದ್ದವರು. ಅವರಿಗಿಂತ ಹೆಚ್ಚು ಸಿಡಿಲುಗೈನ ನೋಡಿದವರು ಈ ಊರಲ್ಲಿ ಇದ್ದಾರಾ?" ಎಂದ. ಎಲ್ಲರೂ ತಿರುಗಿ ನೋಡಿದರು.

ಆ ಬಾಗಿಲಲ್ಲಿ ನಿಂತವನನ್ನು ಅದುವರೆಗೆ ಜನ ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಎಂಬ ಒಂದೇ ಪ್ರಶ್ನೆ. ಈಗ ಅಷ್ಟು ಮುಖಗಳು ತನ್ನ ಅಭಿಪ್ರಾಯಕ್ಕೆ ಕಾದು ನಿಂತಾಗ, ನಾನು ನೋಡಿಲ್ಲ ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬಂದೀತು? ಟಾರ್ಚಣ್ಣ ಗಂಟಲು ಸರಿಮಾಡಿಕೊಂಡ. "ಮೊದಲೆಲ್ಲಾ ಅವನು ಮಾತಾಡಿದರೆ ಬಾಗಿಲೇ ನಡುಗ್ತಿತ್ತು. ಎಷ್ಟು ನಿಧಾನ, ಎಷ್ಟು ಗಂಭೀರ. ಈಗ ಅವನಿಗೆ ಮಾತಾಡೋಕೇ ಬಿಡಲ್ಲ. ಬರೀ ಗಲಾಟೆ" ಎಂದ.

"ಕೇಳಿದ್ರಾ? ಒಂಟಿಯಾಗಿ ಬಿಡಿ ಅಂತಿದ್ದಾರೆ" ಎಂದ ಮಾತ್ರೆ. "ಕೇಳಿದ್ರಾ? ಅವನ ಮಾತು ಕೇಳೋಕೆ ಜನ ಬೇಕು ಅಂತಿದ್ದಾರೆ" ಎಂದರು ಮೇಡಂ. ಮುಂದಿನ ಆಟಕ್ಕೆ ಗುಡಿಸುವವರು ಬಂದು ಎಲ್ಲರನ್ನೂ ಪೊರಕೆಯಿಂದ ಓಡಿಸಿದರು. ಓಡುವವರ ಬೆನ್ನಿಗೆ ಟಾರ್ಚಣ್ಣ ಹೇಳಿಬಿಟ್ಟ: "ಭಾನುವಾರ ಬೆಳಿಗ್ಗೆ ನಮ್ಮನೆಗೆ ಬನ್ನಿ. ಕೂತು ಮಾತಾಡೋಣ."

ಬರುವುದಿಲ್ಲವೆಂದೇ ಅವನು ತಿಳಿದಿದ್ದ. ಬಂದೇಬಿಟ್ಟರು. ಒಂಟಿ ಪಕ್ಷ ಮಂಚದ ಮೇಲೆ, ಗುಂಪು ಪಕ್ಷ ನನ್ನ ಕುರ್ಚಿಗಳ ಮೇಲೆ. ಮರುವಾರ ಇನ್ನೂ ಹೆಚ್ಚು ಜನ. ಟಾರ್ಚಣ್ಣ ಹೊಸ ಲೋಟಗಳನ್ನು ತಂದ. ಯಾರಿಗೆ ಸಕ್ಕರೆ ಎಷ್ಟು ಎಂದು ಬಾಯಿಪಾಠ ಮಾಡಿದ. ನಾನು ಭಾನುವಾರ ಪೇಪರನ್ನು ನೆಲದ ಮೇಲೆ ಕೂತು ಓದುವ ಸ್ಥಿತಿಗೆ ಬಂದೆ. "ಕುರ್ಚಿ ವಾಪಸ್ ಕೇಳ್ತೀನಿ" ಎಂದರೆ ನನ್ನ ಹೆಂಡತಿ, "ಕೇಳಿ ನೋಡಿ, ನಿಮ್ಮನ್ನೂ ಅಲ್ಲಿಗೇ ಕಳಿಸ್ತೀನಿ" ಎಂದಳು.

ಟಾರ್ಚಣ್ಣನ ವ್ಯಾಖ್ಯಾನವೋ, ಕೇಳಿದವರ ತಲೆ ತಿರುಗುವಂಥದ್ದು. "ಸಿಡಿಲುಗೈಗೆ ಯಾರೂ ಇಲ್ಲ. ಯಾರು ಬಂದರೂ ಅವನು ಬಾ, ಕೂತ್ಕೋ ಅಂತಾನೆ. ಬಂದೋರು ಅವನನ್ನ ಬೈದು, ಸಾಮಾನು ಒಡೆದು ಹೋಗ್ತಾರೆ" ಎನ್ನುತ್ತಿದ್ದ. ಕಥೆಯಲ್ಲಿ ಅಂಥ ದೃಶ್ಯವೇ ಇಲ್ಲವಲ್ಲ ಎಂದು ಮೇಡಂ ಮುಖದಲ್ಲಿ ಅನುಮಾನ ಕಂಡರೆ ಮಾತ್ರೆ ಬಿಡಿಸಿ ಹೇಳುತ್ತಿದ್ದ: "ಅದು ಹೊರಗಿನ ದೃಶ್ಯ ಅಲ್ಲ ಮೇಡಂ, ಅವನ ಮನಸ್ಸಿನೊಳಗಿಂದು." ಏಳನೆಯ ಚಿತ್ರದ ಕೊನೆಯ ಬಗ್ಗೆ ಕೇಳಿದರೆ ಟಾರ್ಚಣ್ಣನ ಕಣ್ಣು ತುಂಬುತ್ತಿತ್ತು. "ಆ ವಿಷಯ ಬೇಡ" ಎಂದು ಸ್ಟೌ ಕಡೆಗೆ ತಿರುಗುತ್ತಿದ್ದ. ಆ ಕೊನೆಯಲ್ಲಿ ಸ್ಕೂಟರು ಹಾಡು ಹೇಳುತ್ತದೆ. ಅದಕ್ಕೇ ಅವನಿಗೆ ಅಳು ಬರುತ್ತಿದೆ ಎಂದು ಎರಡೂ ಪಕ್ಷದವರು ಒಪ್ಪಿಕೊಂಡರು.

ಮಾತ್ರೆ ಇದನ್ನೆಲ್ಲ ಸೇರಿಸಿ ಉದ್ದುದ್ದ ಲೇಖನ ಬರೆದು ಅಭಿಮಾನಿಗಳಿಗೆಲ್ಲ ಕಳಿಸಿದ. ಯಾರೋ ವಿಡಿಯೋ ಮಾಡಿ ಹಾಕಿದರು. ಕಾಣದ ಊರುಗಳ ಜನರೆಲ್ಲ ಟಾರ್ಚಣ್ಣನ ವಾದ ಸರಿಯೋ ತಪ್ಪೋ ಎಂದು ಕಚ್ಚಾಡತೊಡಗಿದರು. ಮ್ಯಾನೇಜರು ಅವನಿಗೆ ಬೆನ್ನು ಒರಗಿಸುವ ಸ್ಟೂಲು ಕೊಡಿಸಿದರು. ಆದರೆ ಅಕ್ಕನ ವಿಚಾರದಲ್ಲಿ ಮಾತ್ರ ಕಾಲ ಕೆಟ್ಟಿತ್ತು. ಆಕೆ ಫೋನು ಮಾಡಿದಾಗ ಇವನು ಹೆಮ್ಮೆಯಿಂದ ಫೋನನ್ನು ಜನರತ್ತ ಹಿಡಿದ. ಮೇಡಂ ಕುರ್ಚಿಯ ಕೈ ಕುಟ್ಟುತ್ತಿದ್ದರು, ಮಾತ್ರೆ ಅರಚುತ್ತಿದ್ದ. ಅಕ್ಕ ಸ್ವಲ್ಪ ಹೊತ್ತು ಕೇಳಿ, "ಟಿವಿ ಹಾಕಿ ನನ್ನನ್ನ ಏಮಾರಿಸ್ತೀಯಾ? ಬರೋ ಭಾನುವಾರ ಬರ್ತೀನಿ ಇರು" ಎಂದಳು.

ಕಂಪನಿಯ ಪ್ರತಿನಿಧಿ ಬರುವುದೂ ಅದೇ ಭಾನುವಾರ ಎಂದು ಗೊತ್ತಾಯಿತು. ಎಂಟನೆಯ ಚಿತ್ರ ಹೇಗಿರಬೇಕೆಂದು ಊರೂರಿನ ಅಭಿಮಾನಿಗಳನ್ನು ಕೇಳಿಕೊಂಡು ಬರುತ್ತಿದ್ದ ಹೆಣ್ಣುಮಗಳು. ಟಾರ್ಚಣ್ಣ ಮಂಚವನ್ನು ಗೋಡೆಗೆ ನಿಲ್ಲಿಸಿ ಜಾಗ ಮಾಡಿದ. ಕೋಣೆಯಲ್ಲಿ ಇರುವೆ ಹೋಗಲೂ ಸಂದಿಯಿರಲಿಲ್ಲ. ಮೆಟ್ಟಿಲ ಮೇಲೂ ಜನ. ಅವರನ್ನು ಮೊಣಕೈಯಿಂದ ಸರಿಸುತ್ತಾ ಅಕ್ಕ ಚೀಲ ಹೊತ್ತು ಬಂದಳು, ಬಾಗಿಲಲ್ಲಿ ನಿಂತು ಕಣ್ಣಗಲಿಸಿ ನೋಡಿದಳು. "ಇವರೆಲ್ಲಾ ನಿನ್ನನ್ನ ನೋಡೋಕೆ ಬಂದೋರೇನೋ?" ಎಂದಳು. "ಹೂಂ ಅಕ್ಕ" ಎಂದ ಟಾರ್ಚಣ್ಣ. ಆ ಎರಡು ಮಾತು ಹೇಳುವಾಗ ಅವನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಕ್ಕನಿಗೆ ನನ್ನದೇ ಒಂದು ಕುರ್ಚಿ ಸಿಕ್ಕಿತು, ನಾನು ಹೊಸ್ತಿಲ ಮೇಲೆ ನಿಂತೆ.

ಪ್ರತಿನಿಧಿ ವಿನಯದಿಂದ ಕೇಳಿದರು. "ಹೇಳಿ ಸರ್, ಎಂಟನೇ ಚಿತ್ರದಲ್ಲಿ ನಿಮಗೇನು ಬೇಕು?"

ಎರಡೂ ಪಕ್ಷದವರು ಮುಂದಕ್ಕೆ ಬಾಗಿದರು.

ಟಾರ್ಚಣ್ಣ ಕೈ ಮುಗಿದ. "ಅವನನ್ನ ಬದುಕಿಸಿ ತಾಯಿ."

"ಯಾರನ್ನ ಸರ್?"

"ಸಿಡಿಲುಗೈನ."

"ಅವರು ಸತ್ತಿಲ್ಲವಲ್ಲ."

"ನೀವು ಕಂಪನಿಯವರು, ಹಾಗೇ ಹೇಳ್ಬೇಕು. ನಾನು ಇದ್ದೆನಲ್ಲ. ಆ ಕಿರುಚಾಡೋನು ಯಾವಾಗಿನ ಹಾಗೆ ಗಾಜು ಒಡ್ಕೊಂಡು ನುಗ್ಗಿದ. ಇವನು ಪಾಪ, ಬಾ, ಕೂತ್ಕೋ, ನಿನಗೋಸ್ಕರಾನೇ ಕಾಯ್ತಿದ್ದೆ ಅಂದ. ಏಳು ಚಿತ್ರದಲ್ಲೂ ಹಾಗೇ ಕರೆದಿದ್ದಾನೆ, ಒಬ್ಬನಾದರೂ ಒಂದು ಗಳಿಗೆ ಕೂತನಾ? ಈ ಸಲ ಕೊಂದೇಬಿಟ್ಟ. ಸಾಯುವಾಗಲೂ ಸಿಡಿಲುಗೈ, ಸಿಡಿಲುಗೈ ಅಂತ ತನ್ನ ಹೆಸರು ತಾನೇ ಹೇಳ್ಕೊಂಡು ಹೋದ. ಬೇರೆ ಯಾರು ಹೇಳ್ತಾರೆ ಅವನ ಹೆಸರನ್ನ?"

ಪ್ರತಿನಿಧಿ ತಮ್ಮ ಫೋನಿನಲ್ಲಿದ್ದ ಕಥೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದರು. "ಸರ್, ಬಾ ಕೂತ್ಕೋ ಅನ್ನೋದು ಮಸಿದೊರೆ. ವಿಲನ್ನು. ಆ ಕಿರುಚಾಡೋರೇ ಸಿಡಿಲುಗೈ."

"ವಿಲನ್ನಾ? ಅಷ್ಟು ಒಳ್ಳೇ ದನಿಯವನು?"

"ಅವರು ಒಂದು ಊರನ್ನೇ ಮುಳುಗಿಸಿದ್ದಾರೆ ಸರ್. ಐದನೇ ಚಿತ್ರದಲ್ಲಿ."

ಟಾರ್ಚಣ್ಣ ಯೋಚಿಸಿದ. "ಅದು ಮಳೆ ಅಂದ್ಕೊಂಡಿದ್ದೆ" ಎಂದ.

ಮಾತ್ರೆ ಮೆಲ್ಲಗೆ ಎದ್ದು ನಿಂತ. "ಟಾರ್ಚಣ್ಣ, ನೀವು ಚಿತ್ರ ನೋಡಿಲ್ವಾ?"

"ನೋಡಿದೀನಿ ಅಂತ ನಾನು ಹೇಳಿದ್ನಾ? ನಾನು ಹೊರಗಿದ್ದೆ. ಕೇಳಿಸ್ಕೊಂಡೆ."

ಮೊದಲು ನಕ್ಕವರು ಮೇಡಂ. ಆಮೇಲೆ ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಂಟಿ ಪಕ್ಷದವರು ಗುಂಪು ಪಕ್ಷದವರ ಹೆಗಲ ಮೇಲೆ ತಲೆಯಿಟ್ಟು ನಕ್ಕರು. ಏಳು ಚಿತ್ರಗಳಿಂದ ಆಗದ ಒಗ್ಗಟ್ಟು ಆ ಹೊತ್ತಿನಲ್ಲಿ ಸಾಧ್ಯವಾಯಿತು. ಮಾತ್ರೆ ಒಬ್ಬನೇ ನಗಲಿಲ್ಲ. ಅವನು ಬರೆದದ್ದೆಲ್ಲ ಊರೂರು ತಿರುಗಿತ್ತಲ್ಲ. ಅವನು ಲೋಟವನ್ನು ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಇಳಿದುಹೋದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. "ಚಹಾ ಆಗ್ತಾ ಇದೆ, ಕೂತ್ಕೊಳ್ಳಿ" ಎಂದು ಟಾರ್ಚಣ್ಣ ಹೇಳುತ್ತಲೇ ಇದ್ದ. ಅವರು ನಗುತ್ತಲೇ ಮೆಟ್ಟಿಲಿಳಿದರು.

ಅಕ್ಕ ಮೆಟ್ಟಿಲ ತಲೆಗೆ ಬಂದು ನಿಂತಳು. "ನನ್ನ ತಮ್ಮ ನೋಡಿಲ್ಲ ಸರಿ. ನೋಡಿದ ನೀವೆಲ್ಲಾ ಏನು ಕಡಿದು ಕಟ್ಟೆ ಹಾಕಿದ್ದೀರಿ?" ಎಂದು ಕೂಗಿದಳು. ಕೇಳಲು ಯಾರೂ ಉಳಿದಿರಲಿಲ್ಲ. ಒಳಗೆ ಬಂದು, ಖಾಲಿ ಕುರ್ಚಿಗಳನ್ನು ನೋಡಿ, ಮೆತ್ತಗಿನ ದನಿಯಲ್ಲಿ ಹೇಳಿದಳು. ಆಕೆಗೆ ಅಂಥ ದನಿಯೂ ಇದೆಯೆಂದು ನನಗೆ ಆಗಲೇ ತಿಳಿದದ್ದು. "ಮುಂದಿನ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಕಣೋ. ಕೆಲಸ ಬಿಡ್ತೀನಿ ಅಂತ ಹೇಳ್ಬಿಡು."

ಅವನು ಹೂಂ ಎಂದ. ಕುರ್ಚಿಗಳನ್ನು ಒರೆಸಿ ತಂದು ನಮ್ಮ ಮನೆಯಲ್ಲಿಟ್ಟ. ಆ ವಾರ ಅವನ ಕೋಣೆಯಿಂದ ಒಂದು ಸದ್ದೂ ಬರಲಿಲ್ಲ. ಅಭಿಮಾನಿಗಳ ಸಭೆ ಮೇಡಂ ಮನೆಗೆ ಹೋಯಿತು, ಅಲ್ಲಿ ಈಗ ಜಗಳವೂ ಇಲ್ಲವಂತೆ, ಟಾರ್ಚಣ್ಣನ ಮಾತು ತೆಗೆದು ನಗುತ್ತಾರಂತೆ. ಚಿತ್ರಮಂದಿರಕ್ಕೆ ಬಂದವರು ಟಿಕೆಟ್ ಕೊಡುವಾಗ, "ಏನು ಮಸಿದೊರೆ, ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ಮ್ಯಾನೇಜರು ಬೆನ್ನಿನ ಸ್ಟೂಲು ವಾಪಸ್ ತೆಗೆದುಕೊಂಡರು. ಬಾಗಿಲಾಚೆ ನಿಂತು ಕೇಳಿದ್ದಕ್ಕೂ ಟಿಕೆಟ್ ಇಡಬೇಕಿತ್ತು ಎಂದೂ ಹೇಳಿದರಂತೆ.

ಶನಿವಾರದ ಮ್ಯಾಟಿನಿ ಅವನ ಕೊನೆಯ ಆಟ. "ನಮ್ಮ ಟಿಕೆಟನ್ನೂ ಒಂದ್ಸಲ ಹರೀಲಿ, ನಡೀರಿ" ಎಂದು ನನ್ನ ಹೆಂಡತಿ ಅಂಗಡಿ ಮುಚ್ಚಿಸಿ ಎಳೆದುಕೊಂಡು ಹೋದಳು. ಏಳನೆಯ ಸಿಡಿಲುಗೈ ಆಗಲೇ ಹಳತಾಗಿತ್ತು. ಚಿತ್ರಮಂದಿರ ಬಿಕೋ ಎನ್ನುತ್ತಿತ್ತು. ತೆರೆಯ ಮೇಲೆ ಸ್ಕೂಟರು ಮಾತಿಗೆ ತೊಡಗಿದ ಮೇಲೆ ಬಾಗಿಲು ತೆರೆಯಿತು, ಟಾರ್ಚಿನ ಬೆಳಕು ನೆಲದ ಮೇಲೆ ಬಂತು. ಹಿಂದೆ ಬಂದವನು ಮಾತ್ರೆ. ಒಬ್ಬನೇ. ನಮ್ಮ ಮುಂದಿನ ಸಾಲಿನಲ್ಲೇ ಅವನಿಗೆ ಸೀಟು.

"ಇಲ್ಲಿ" ಎಂದ ಟಾರ್ಚಣ್ಣ, ತಲೆ ತಗ್ಗಿಸಿಕೊಂಡೇ.

ಮಾತ್ರೆ ಕೂರಲಿಲ್ಲ. "ನಾಳೆ ಊರು ಬಿಡ್ತೀರಂತೆ."

"ಯಾರೂ ಇಲ್ವಲ್ಲಪ್ಪ ಇಲ್ಲಿ."

"ನಾನು ಇದನ್ನ ಈ ವಾರ ಬೇರೆ ಥಿಯೇಟರಲ್ಲಿ ಮತ್ತೆ ಮತ್ತೆ ನೋಡಿದೆ. ನೀವು ಹೇಳಿದ್ದು ಎಲ್ಲೂ ಕಾಣಿಸಲಿಲ್ಲ. ನಿಮ್ಮ ಮೇಲೆ ತುಂಬಾ ಸಿಟ್ಟು ಬಂತು. ನಿನ್ನೆ ಅರ್ಧಕ್ಕೆ ತಲೆನೋವು ಬಂದು ಕಣ್ಣು ಮುಚ್ಚಿ ಒರಗಿಕೊಂಡಿದ್ದೆ. ಆಗ..." ಎಂದು ಅವನು ನಿಲ್ಲಿಸಿದ. "ಇಲ್ಲೇ ಕೂತ್ಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ಮಸಿದೊರೆ ಬರ್ತಾನೆ."

"ನಾನು ಕೂರೋ ಹಾಗಿಲ್ಲ. ಮ್ಯಾನೇಜರು ಬೈತಾರೆ."

"ಕೊನೇ ದಿನ ಬೈಸ್ಕೊಂಡ್ರೆ ಏನಾಗುತ್ತೆ? ನಾಳೆ ಬೆಳಿಗ್ಗೆ ನಾನು ಮನೆಗೆ ಬರ್ತೀನಿ. ಅಕ್ಕನ ಹತ್ತಿರ ನಾನೇ ಮಾತಾಡ್ತೀನಿ. ಒಬ್ಬ ಬಂದರೂ ಜನ ಬಂದ ಹಾಗೇ ಅಲ್ವಾ?"

ಟಾರ್ಚಣ್ಣ ಬಾಗಿಲಿನ ಕಡೆ ನೋಡಿದ. ಆಮೇಲೆ ಟಾರ್ಚು ಆರಿಸಿ ಕೂತ. ಸೀಟಿನ ಅಂಚಿನಲ್ಲಿ, ಯಾರಾದರೂ ಎಬ್ಬಿಸಿದರೆ ಏಳಲು ತಯಾರಾಗಿ ಕೂತಂತೆ ಕಂಡಿತು. ತೆರೆಯ ಮೇಲೆ ಕತ್ತಲೆ ಕವಿಯಿತು, ದೊಡ್ಡದೊಂದು ಬಾಗಿಲು ತೆರೆಯಿತು. ಮಾತ್ರೆ ಅವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಹಿಂದಕ್ಕೆ ಒರಗಿದರು.

ನನ್ನ ಹೆಂಡತಿ ಮುಂದಕ್ಕೆ ಬಾಗಿ ನೋಡಿ, ನನ್ನ ಪಕ್ಕೆಗೆ ತಿವಿದಳು. "ರೀ, ನೋಡಿ ಇವರನ್ನ. ಒಳ್ಳೇ ಜಾಗದಲ್ಲಿ ಇಬ್ಬರೂ ಕಣ್ಣು ಮುಚ್ಚಿ ನಿದ್ದೆ ಹೊಡೀತಿದ್ದಾರೆ."

"ಸುಮ್ನಿರೇ" ಎಂದೆ. "ಅವರು ಪಿಕ್ಚರ್ ನೋಡ್ತಿದ್ದಾರೆ."